ಕಣ್ಣು ಮುಚ್ಚಿದ ಡಾಕ್ಟ್ರು

ಅವತ್ತು ನನ್ನ ಕೋಣೆಯಲ್ಲಿ ಐದು ಜನ ಇದ್ದೆವು: ನಾನು, ಹರಿಹರದ ಬಟ್ಟೆ ಅಂಗಡಿ ಕೊಟ್ರಪ್ಪನವರು, ಅವರ ಹೆಂಡತಿ ಗಿರಿಜಮ್ಮ, ಕೊಟ್ರಪ್ಪನವರ ಅಕ್ಕ ಹಾಲಮ್ಮ, ಜೊತೆಗೆ ಯಾರ ಕಡೆಯವರೆಂದು ಕೊನೆವರೆಗೂ ತಿಳಿಯದ ಒಬ್ಬ ಬೀಗರು. ಮನೋವಿಶ್ಲೇಷಣೆ ಎಂಬುದು ಇಬ್ಬರ ನಡುವಿನ ಗುಟ್ಟಿನ ಮಾತುಕತೆ ಎಂದು ನಾನು ಓದಿದ ಪುಸ್ತಕಗಳಲ್ಲಿದೆ. ಅವನ್ನು ಬರೆದವರು ದಾವಣಗೆರೆ ಕಡೆ ಬಂದವರಲ್ಲ. ಇಲ್ಲಿ ಹಲ್ಲು ಕೀಳಿಸಲಿಕ್ಕೂ ನಾಲ್ಕು ಜನ ಹೋಗುತ್ತಾರೆ. ಮನಸ್ಸು ತೋರಿಸಲಿಕ್ಕೆ ಒಬ್ಬರೇ ಬರುತ್ತಾರೆಯೇ?

ಕೆ.ಬಿ. ಬಡಾವಣೆಯ ಈ ಮಹಡಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಊರವರ ಗೋಳು ಕೇಳಿ ನನ್ನ ಕಿವಿ ಸವೆದಿದೆ. ನನ್ನದು ಬೆರಕೆ ಪದ್ಧತಿ; ಅರ್ಧ ಪುಸ್ತಕದ್ದು, ಅರ್ಧ ಅಜ್ಜಿಯದು. ಪುಸ್ತಕದ ಪ್ರಕಾರ ಬಂದವರನ್ನು ದಿವಾನದ ಮೇಲೆ ಮಲಗಿಸಿ, ಅವರಿಗೆ ಕಾಣದಂತೆ ತಲೆಯ ಹಿಂದೆ ಕೂತು, ಮನಸ್ಸಿಗೆ ಬಂದದ್ದೆಲ್ಲ ಹೇಳಿಸಬೇಕು. ಅಜ್ಜಿಯ ಪ್ರಕಾರ ಕಣ್ಣು ಮುಚ್ಚಿ ಸುಮ್ಮನೆ ಕೂರಬೇಕು. ಅಂಗೈಯಲ್ಲಿ ಲಿಂಗ ಹಿಡಿದು ಅಜ್ಜಿ ಪೂಜೆಗೆ ಕೂತರೆ ಮನೆಯಲ್ಲಿ ಲೋಟ ಇಟ್ಟ ಸದ್ದೂ ಕೇಳುತ್ತಿರಲಿಲ್ಲ. ಅದನ್ನು ಬರೀ ಭಕ್ತಿ ಎಂದುಕೊಂಡಿದ್ದೆ. ಆ ತುಂಬಿದ ಮನೆಯಲ್ಲಿ ಆಕೆಗೆ ಸಿಗುತ್ತಿದ್ದ ವಿಶ್ರಾಂತಿ ಅದೊಂದೇ ಎಂದು ಈಗ, ನನಗೂ ಸುಸ್ತಾದ ಮೇಲೆ, ಅನ್ನಿಸುತ್ತದೆ.

ಕೊಟ್ರಪ್ಪನವರ ತೊಂದರೆ ಇಷ್ಟು: ಅಣ್ಣ ತೀರಿಕೊಂಡ ದಿನದಿಂದ ಮೂರು ತಿಂಗಳು ಒಂದು ಮಾತೂ ಆಡಿರಲಿಲ್ಲ. "ಹಿಂಗೇ ಇದ್ರೆ ಇವ್ರೂ ಕೈಬಿಟ್ಟು ಹೋಗ್ತಾರ್ರಿ," ಎಂದು ಗಿರಿಜಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು.

ಮಲಗಿಸಿದೆ. ಹಾಲಮ್ಮ ಎದ್ದೇ ನಿಂತರು. "ಅಯ್ಯೋ ಶಿವನೇ! ಉತ್ತರಕ್ಕೆ ತಲೆ ಮಾಡಿ ಮಲಗ್ಸೀರಲ್ರಿ, ಜೀವ ಇರೋ ಮನುಷ್ಯನ್ನ!"

ಬೀಗರು ಒಂದು ಕಡೆ, ನಾನೊಂದು ಕಡೆ ಹಿಡಿದು ದಿವಾನ ತಿರುಗಿಸಿದೆವು. ಈಗ ಕೊಟ್ರಪ್ಪನವರ ಪಾದ ನನ್ನ ಕುರ್ಚಿಗೆ, ಮುಖ ನನ್ನ ಮುಖಕ್ಕೆ. ಪುಸ್ತಕದ ಅರ್ಧ ಅಲ್ಲಿಗೆ ಮುಗಿಯಿತು. ಆದರೂ ಹೇಳಿದೆ, "ಮನಸ್ಸಿಗೆ ಬಂದದ್ದು ಹೇಳ್ರಿ."

"ಅವನೇನು ಹೇಳ್ತಾನೆ, ನಾ ಹೇಳ್ತೀನಿ ಬರ್ಕೊಳ್ರಿ," ಎಂದರು ಹಾಲಮ್ಮ.

"ನೀವ್ ಸುಮ್ನಿರ್ರಿ ಅಕ್ಕಾರೆ, ಅವ್ರ ಮನಸ್ಸು ನಂಗೆ ಗೊತ್ತೈತೆ," ಎಂದರು ಗಿರಿಜಮ್ಮ.

ಅರ್ಧ ಗಂಟೆ ಆ ಮನಸ್ಸು ಯಾರಿಗೆ ಹೆಚ್ಚು ಗೊತ್ತೆಂದು ಅವರಿಬ್ಬರೇ ವಾದಿಸಿದರು. ನನಗೆ ಉಳಿದದ್ದು ಅಜ್ಜಿಯ ಅರ್ಧ. "ಎಲ್ಲಾರೂ ಎರಡು ನಿಮಿಷ ಧ್ಯಾನ ಮಾಡಾಣ," ಎಂದು ಕಣ್ಣು ಮುಚ್ಚಿದೆ. ಮಧ್ಯಾಹ್ನ ಮೂರು ಗಂಟೆ, ಹೊಟ್ಟೆಯಲ್ಲಿ ರೊಟ್ಟಿ, ತಲೆಯ ಮೇಲೆ ಫ್ಯಾನು.

ಕಣ್ಣು ಬಿಟ್ಟಾಗ ನಲವತ್ತು ನಿಮಿಷ ಕಳೆದಿತ್ತು. "ಅಷ್ಟೇ ರೀ ನಂದು," ಎಂದು ಕೊಟ್ರಪ್ಪನವರು ಮಾತು ಮುಗಿಸುತ್ತಿದ್ದರು! ಹೆಂಗಸರಿಬ್ಬರ ಕೆನ್ನೆ ಒದ್ದೆಯಾಗಿತ್ತು. ನಾನು ಧ್ಯಾನದಲ್ಲಿದ್ದೇನೆಂದು, ಪೂಜೆಗೆ ಕೂತವರೆದುರು ಸದ್ದು ಮಾಡಬಾರದೆಂದು, ಉಳಿದ ಮೂವರೂ ಕಣ್ಣು ಬಾಯಿ ಎರಡೂ ಮುಚ್ಚಿ ಕೂತಿದ್ದರಂತೆ. ಆ ಬಿಡುವಿನಲ್ಲಿ ಮೂರು ತಿಂಗಳ ಮಾತು ಹೊರಬಿದ್ದಿತ್ತು. ನನ್ನ ಕಿವಿಗೆ ಒಂದಕ್ಷರವೂ ಬಿದ್ದಿರಲಿಲ್ಲ. "ಎಂಥಾ ಧ್ಯಾನ ನಿಮ್ದು!" ಎಂದು ಬೀಗರು ಕೈಮುಗಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಅದೇ ನನ್ನ ಪಾಪ.

ಎಂಟು ದಿನ ಅದನ್ನು ನುಂಗಿಕೊಂಡಿದ್ದು, ಭಾನುವಾರ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಕೊಟ್ರಪ್ಪನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ನಿಜ ಹೇಳಿಬಿಟ್ಟೆ.

"ಗೊತ್ತೈತೆ ಬಿಡ್ರಿ," ಎಂದು ನಕ್ಕರು. "ದಿವಾನ ತಿರುಗ್ಸಿದ್ರಲ್ಲ, ನೀವು ಜೊಲ್ಲು ಸುರ್ಸೋದು ನಂಗೊಬ್ಬನಿಗೇ ಕಾಣ್ತಿತ್ತು. ಕೊನೇ ದಿನ ಅಣ್ಣನ ಮೇಲೆ ಕೈ ಎತ್ತಿದ್ದೆ ಅಂತ, ಕಣ್ಣು ಬಿಟ್ಕೊಂಡು ಕೂತೋರಿಗೆ ಹೆಂಗೆ ಹೇಳ್ಲಿ?" ಹೆಗಲ ಟವೆಲಿನಿಂದ ಪಕ್ಕದ ಮೆಟ್ಟಿಲು ಒರೆಸಿ, "ನೀವೂ ಭಾಳ ದಣಿದೀರಿ ಡಾಕ್ಟ್ರೇ. ಮಲಕ್ಕಳ್ರಿ ಇಲ್ಲೇ. ಮನಸ್ಸಿಗೆ ಬಂದದ್ದು ಹೇಳ್ರಿ," ಎಂದರು.

ಉತ್ತರ ಯಾವ ಕಡೆ ಎಂದು ನೋಡಿಕೊಂಡು ಮಲಗಿದೆ. ಇಪ್ಪತ್ತೆರಡು ವರ್ಷ ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಮುಗಿಸಿ ಪಕ್ಕಕ್ಕೆ ತಿರುಗಿದೆ. ಕೊಟ್ರಪ್ಪನವರ ಬಾಯಿ ತೆರೆದಿತ್ತು, ಜೊಲ್ಲು ಅಂಗಿಯ ಮೇಲೆ ಇಳಿದಿತ್ತು.