ಅಕ್ಕನ ಫೋನಿಗೆ ಬಂದ ಅಕ್ಷರ

"ಇನ್ನು ಮೇಲೆ ಈ ಮನೇಲಿ ನಮ್ಮಕ್ಕನಿಗೆ ಕೇಳ್ಸಲ್ಲ ಅನ್ನೋ ಮಾತೇ ಬರಬಾರದು," ಎಂದು ಸತ್ಯಪ್ರಕಾಶ್ ಪರದೇಶದ ಮೆಡೋವೇಲ್ ಊರಿನ ತನ್ನ ಅಡುಗೆಮನೆಯಲ್ಲಿ ನಿಂತು ಘೋಷಿಸಿದ. ಹೆಂಡತಿ ಸಾಹಿತ್ಯ ಮೂರು ತಿಂಗಳ ಮಗನ ಬೆನ್ನು ತಟ್ಟುತ್ತಿದ್ದಳು. ಮಗು ಮಾತ್ರ ತೇಗಿ ಅನುಮೋದಿಸಿತು.

ಅಕ್ಕ ರಾಜಲಕ್ಷ್ಮಿ ಇರುವುದು ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಅರೋರಾ ಊರಿನಲ್ಲಿ. ಆರು ವರ್ಷದಿಂದ ಕಿವಿ ಮಂದವಾಗುತ್ತಾ ಬಂದು, ಈಗ ಫೋನಿನಲ್ಲಿ ಒಂದಕ್ಷರವೂ ಕೇಳಿಸದು. ಎಲ್ಲಿಗೆ ಹೋದರೂ ಜನ ಮುಖದ ಹತ್ತಿರ ಬಂದು ಕಿರುಚುತ್ತಾರೆಂದು ರೋಸಿ ಹೋಗಿ, ಸಮಾರಂಭಗಳ ಸಹವಾಸವನ್ನೇ ಬಿಟ್ಟಿದ್ದಳು. ಆದರೆ ಬರುವ ಭಾನುವಾರ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಸತ್ಯಪ್ರಕಾಶನಿಗಿರುವುದು ಒಬ್ಬಳೇ ಅಕ್ಕ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು ಬರದಿದ್ದರೆ ಅವನ ಪಾಲಿಗೆ ಅದು ಬರೀ ಊಟ.

ಅದಕ್ಕೇ ಅವಳ ಫೋನಿಗೊಂದು ಆ್ಯಪ್ ಹಾಕಿಕೊಟ್ಟು ಬಂದಿದ್ದ. ಈ ಕಡೆಯವರು ಕನ್ನಡದಲ್ಲಿ ಆಡಿದ್ದು ಅವಳ ಸ್ಕ್ರೀನಿನಲ್ಲಿ ಅಕ್ಷರವಾಗಿ ಮೂಡುತ್ತದೆ. ಓದಿಕೊಂಡು ಅವಳು ಬಾಯಲ್ಲೇ ಉತ್ತರ ಕೊಡಬಹುದು. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಹದಿನಾಲ್ಕು ವರ್ಷ ಅನ್ನ ತಿಂದವನು ತಾನೆ? ಅವಳ ಮನೆ ಮುಂದೆಯೇ ಕಾರಿನಲ್ಲಿ ಕೂತು ಫೋನ್ ಮಾಡಿ ಎಲ್ಲವನ್ನೂ ಪರೀಕ್ಷಿಸಿದ್ದ. ಕಾರಿನಲ್ಲಿ ಹೆಂಡತಿ ಇರಲಿಲ್ಲ, ಅಷ್ಟೇ.

ಸತ್ಯಪ್ರಕಾಶನ ಮನೆಯಲ್ಲಿ ಎಲ್ಲ ಫೋನೂ ಸ್ಪೀಕರಿನಲ್ಲೇ. ಗಂಡ ಮಾತಾಡುವುದು, ಹೆಂಡತಿ ಪಕ್ಕದಲ್ಲಿ ಕೂತು ಹೇಳಿಕೊಡುವುದು. ಬೇರೆಯವರಾದರೆ ಕೈಸನ್ನೆ, ಪಿಸುಮಾತು. ಅಕ್ಕನಾದರೆ ಆ ಸಂಕೋಚವೂ ಇಲ್ಲ. ಅವಳಿಗೆ ಫೋನಿನಲ್ಲಿ ಕೇಳಿಸದಾದಾಗಿನಿಂದ ಗಂಟಲು ಬಿಟ್ಟೇ ಹೇಳಿಕೊಟ್ಟು ಅಭ್ಯಾಸವಾಗಿತ್ತು.

"ಅಕ್ಕ, ಭಾನುವಾರ ನೀನು ಬರಲೇಬೇಕು," ಎಂದು ಸತ್ಯಪ್ರಕಾಶ್ ಫೋನ್ ಮಾಡಿ ಕರೆದ.

"ಅಪ್ಪನ ಹೆಸರು ಇಡ್ತೀಯೇನೋ? ರುದ್ರಪ್ಪ ಅಂತ?" ಎಂದಳು ಅಕ್ಕ.

"ಹೂಂ ಅಂದ್ಬಿಡಿ," ಎಂದಳು ಸಾಹಿತ್ಯ. "ಕಿವೀಲಿ ಏನು ಬೇಕಾದ್ರೂ ಹೇಳ್ಕೊಳ್ಳಿ. ಬರ್ತ್ ಸರ್ಟಿಫಿಕೇಟಲ್ಲಿ ಧ್ರುವ ಅಂತ ಆಗೋಯ್ತಲ್ಲ."

"ಅವಳಿಗೆಲ್ಲಿ ಗೊತ್ತಾಗುತ್ತೆ ಬಿಡು," ಎಂದು ಇತ್ತ ನಕ್ಕು, "ಹೂಂ ಅಕ್ಕ, ಅಪ್ಪನ ಹೆಸರೇ," ಎಂದು ಫೋನಿಗೆ ಹೇಳಿದ.

ಆ ಕಡೆ ಸದ್ದಿಲ್ಲ. ಪಾಪ, ಓದುವುದಕ್ಕೆ ಟೈಮು ಬೇಕಲ್ಲ ಎಂದುಕೊಂಡ.

"ಸರಿ ಕಣೋ, ಬರ್ತೀನಿ," ಎಂದಳು ರಾಜಲಕ್ಷ್ಮಿ.

"ನೋಡಿದ್ಯಾ ಟೆಕ್ನಾಲಜಿ," ಎಂದು ಆ ವಾರವಿಡೀ ಬೀಗಿಕೊಂಡು ಓಡಾಡಿದ.

ಭಾನುವಾರ ಎರಿನ್ ಮಿಲ್ಸ್ ಬಡಾವಣೆಯ ಸಭಾಂಗಣದಲ್ಲಿ ನಲವತ್ತು ಜನ. ರಾಜಲಕ್ಷ್ಮಿ ರೇಷ್ಮೆ ಸೀರೆಯುಟ್ಟು ಬಂದಳು, ತೊಟ್ಟಿಲಿಗೆ ಬಗ್ಗಿದಳು, ಕೈ ಅಡ್ಡ ಹಿಡಿದು ಮಗುವಿನ ಕಿವಿಯಲ್ಲಿ ಏನೋ ಉಸುರಿದಳು. ಮೂರು ಸಲ. ಅಳುತ್ತಿದ್ದ ಮಗು ಸುಮ್ಮನಾಯಿತು.

"ಜೋರಾಗಿ ಹೇಳಕ್ಕ, ಎಲ್ಲರಿಗೂ ಕೇಳ್ಲಿ," ಎಂದ ಸತ್ಯಪ್ರಕಾಶ್.

ಎದುರಿಗಿದ್ದವರ ಮಾತನ್ನೂ ಆ ಆ್ಯಪ್ ಬರೆಯುತ್ತಿತ್ತು; ರಾಜಲಕ್ಷ್ಮಿ ಅದನ್ನು ಫೋನಿನಲ್ಲಿ ಓದಿಕೊಂಡಳು. ಆಮೇಲೆ ಬೆರಳಿನಿಂದ ಹಿಂದಕ್ಕೆ ಸರಿಸುತ್ತಾ ಹೋಗಿ ತಮ್ಮನ ಮುಖಕ್ಕೆ ಹಿಡಿದಳು. ಆವತ್ತು ಫೋನಿನಲ್ಲಾಡಿದ ಮಾತೆಲ್ಲ ಸಾಲು ಸಾಲಾಗಿ ಅಲ್ಲಿತ್ತು. 'ಅವಳಿಗೆಲ್ಲಿ ಗೊತ್ತಾಗುತ್ತೆ ಬಿಡು' ಎಂಬಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಸಾಹಿತ್ಯ ಹಿಂದಿನಿಂದ ಇಣುಕಿ ಓದಿ, ಹೋಳಿಗೆ ಎಷ್ಟು ಉಳಿದಿದೆಯೋ ನೋಡಲು ಹೊರಟುಹೋದಳು.

"ತಪ್ಪಾಯ್ತಕ್ಕ," ಎಂದು ಸತ್ಯಪ್ರಕಾಶ್ ಗೊಣಗಿದ.

ರಾಜಲಕ್ಷ್ಮಿ ಸ್ಕ್ರೀನು ನೋಡಿದಳು. "ಏನೂ ಬರ್ಲಿಲ್ಲ ಕಣೋ. ಬಿಡಿಸಿ ಹೇಳು."

"ತಪ್ಪಾಯ್ತು."

"ಊಹೂಂ."

ಮೂರನೆಯ ಸಲ ಅವನು ಹೇಳಿದ್ದಕ್ಕೆ ನಲವತ್ತು ಜನವೂ ತಿರುಗಿ ನೋಡಿದರು.

"ಹಾಂ, ಈಗ ಬಂತು," ಎಂದು ಅವಳು ತಮ್ಮನ ಕೆನ್ನೆ ತಟ್ಟಿದಳು.

"ಈಗಲಾದ್ರೂ ಹೇಳಕ್ಕ, ಮಗೂಗೆ ಏನು ಹೆಸರು ಹೇಳ್ದೆ?"

ರಾಜಲಕ್ಷ್ಮಿ ಫೋನನ್ನು ಆಫ್ ಮಾಡಿ, ಬ್ಯಾಗಿಗೆ ಹಾಕಿ, ಜಿಪ್ ಎಳೆದಳು.

"ಕೇಳಿಸ್ಲಿಲ್ಲಪ್ಪ," ಎಂದು ಊಟಕ್ಕೆ ನಡೆದಳು.