ಯಜಮಾನರು ಬೇಡವೆಂದ ಡಬ್ಬಿ

ವ್ಯಾಪಾರಸ್ಥನಿಗೆ ಏನನ್ನಾದರೂ ಮಾರುವುದು ಬಲು ಕಷ್ಟ. ಎದುರಿಗಿರುವವನು ಬಾಯಿ ತೆರೆಯುವ ಮೊದಲೇ ಅವನ ಮಾತಿನ ಹಿಂದಿನ ಮಸಲತ್ತು ಇವನಿಗೆ ಕಾಣುತ್ತದೆ. ಮಸಲತ್ತು ಇಲ್ಲದಿದ್ದರೂ ಕಾಣುತ್ತದೆ. ನಮ್ಮ ಚಪ್ಪಲಿ ಅಂಗಡಿಯ ಯಜಮಾನರು ಪೇಚಿಗೆ ಸಿಕ್ಕಿದ್ದು ಹೀಗೆಯೇ.

ಮದುವೆಯಾದಂದಿನಿಂದ ಹೆಂಡತಿಯ ಹುಟ್ಟುಹಬ್ಬಕ್ಕೆ ಅವರು ಕೊಡುತ್ತ ಬಂದ ಉಡುಗೊರೆ ಒಂದೇ: ಚಪ್ಪಲಿ. (ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದ ಅಳತೆಯೂ ಆಕೆಯ ಪಾದದ ಅಳತೆಯೂ ಪ್ರತಿವರ್ಷ ಒಂದೇ ಆಗುತ್ತಿದ್ದುದು ದೈವಸಂಕಲ್ಪ.) ಈ ಸಲ ಅವರಿಗೆ ಜ್ಞಾನೋದಯವಾಯಿತು. ಆಕೆ ವಾರವೆಲ್ಲ ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಇಕ್ಕಳ, ಹತ್ತಿ ಎತ್ತಿಕೊಡುವ ಸಾಧು ಹೆಂಗಸು. ಭಾನುವಾರ ಬಂತೆಂದರೆ ಕಂಪ್ಯೂಟರಿನ ಮುಂದೆ ಕುಳಿತು, ಹೆಡ್‌ಫೋನ್ ಏರಿಸಿ, ಕಂಡವರನ್ನೆಲ್ಲ ಗುಂಡಿಟ್ಟು ಉರುಳಿಸುವ ರಣಚಂಡಿ. ತಂಡದವರು ಆಕೆಗೆ ಇಟ್ಟ ಹೆಸರು ‘ಹದ್ದು’. ಆದರೆ ಚಿತ್ರಗಳು ತೆವಳಿಕೊಂಡು ಬರುವ ಹಳೇ ಕಂಪ್ಯೂಟರಿನ ದೆಸೆಯಿಂದ ಹದ್ದು ಈಚೆಗೆ ಕೋಳಿಯಾಗಿತ್ತು. ಈ ಭಾನುವಾರ ಮಧ್ಯಾಹ್ನ ಫೈನಲ್. ಅಲ್ಲೂ ಹೀಗೇ ಆದರೆ ತಂಡದಲ್ಲಿ ಆಕೆಯ ಜಾಗ ಬೇರೆಯವರಿಗೆ ಎಂದು ತೀರ್ಮಾನವಾಗಿತ್ತು.

ಯಜಮಾನರು ಕಂಪ್ಯೂಟರಿನ ಪೆಟ್ಟಿಗೆಯನ್ನು ಹೊತ್ತು ಕಂಪ್ಯೂಟರ್ ಅಂಗಡಿಗೆ ಹೋದರು. ಗಂಟಲು ಒಣಗುವಷ್ಟು ಚೌಕಾಸಿ ಮಾಡಿ, ಪರದೆಗೆ ಚಿತ್ರ ಮೂಡಿಸುವ ಹಳೇ ಗ್ರಾಫಿಕ್ಸ್ ಕಾರ್ಡನ್ನು ಅಲ್ಲೇ ಕೊಟ್ಟು, ಹೊಸದನ್ನು ಹಾಕಿಸಿದರು. ಆಗ ಅಂಗಡಿಯವನು ತಲೆ ಕೆರೆದುಕೊಂಡ.

“ಸರ್, ಇದರ ಪವರ್ ಸಪ್ಲೈ ಡಬ್ಬಿ ಚಿಕ್ಕದು. ಹೊಸ ಕಾರ್ಡು ಜಾಸ್ತಿ ಕರೆಂಟ್ ಎಳಿಯುತ್ತೆ. ದೊಡ್ಡದು ಹಾಕ್ಲಾ?”

ಯಜಮಾನರ ಮುಖದ ಮೇಲೆ ಮಂದಹಾಸ ಮೂಡಿತು. ಬೂಟು ಕೊಂಡವರಿಗೆಲ್ಲ ‘ಪಾಲಿಶ್ ಇಲ್ದಿದ್ರೆ ತೊಗಲು ಬಿರುಕು ಬಿಡುತ್ತೆ ಸಾರ್’ ಎಂದು ಡಬ್ಬಿ ಅಂಟಿಸುವುದರಲ್ಲಿ ಊರಿಗೇ ಹೆಸರಾದವರು ಅವರು.

“ತಮ್ಮಾ, ನೀನು ಹುಟ್ಟೋಕೆ ಮುಂಚೆಯಿಂದ ನಾನು ಬೂಟು ಮಾರ್ತಿದ್ದೀನಿ. ಡಬ್ಬಿ ಮಾರೋದು ನನಗೆ ಹೇಳ್ಕೊಡ್ಬೇಡ.”

“ಸರ್, ಆಮೇಲೆ ಆಟದ ಮಧ್ಯೆ ಆಫ್ ಆದ್ರೆ...”

“ಆಗಲ್ಲ ಬಿಡಯ್ಯಾ.”

ಆಯಿತು. ಭಾನುವಾರ ಬೆಳಗ್ಗೆ, ಅಭ್ಯಾಸಕ್ಕೆಂದು ಹೆಂಡತಿ ಆಟ ಶುರುಮಾಡಿದಳು. ಪರದೆಯ ಮೇಲೆ ಒಂದೊಂದು ಎಲೆಯೂ ಬೇರೆಬೇರೆ ಅಲುಗಾಡುವುದನ್ನು ಕಂಡು ಆಕೆಯ ಕಣ್ಣು ಅರಳಿತು. ಹಿಂದೆ ನಿಂತಿದ್ದ ಯಜಮಾನರ ಎದೆಯೂ ಅರಳಿತು. ಅಷ್ಟರಲ್ಲಿ ಶತ್ರುಪಡೆ ನುಗ್ಗಿತು, ಬಾಂಬು ಸಿಡಿಯಿತು, ಟಪ್ ಎಂದು ಎಲ್ಲ ಕಪ್ಪಾಗಿ ಕಂಪ್ಯೂಟರು ಏನೂ ಗೊತ್ತಿಲ್ಲದ ಕೂಸಿನಂತೆ ಮೊದಲಿಂದ ಶುರುವಾಯಿತು.

“ಇದೇನ್ರೀ?”

“ಹೊಸದಲ್ವೇನೇ, ಪಳಗಬೇಕು. ಹೊಸ ಬೂಟು ಕಚ್ಚಲ್ವಾ, ಹಾಗೆ.”

ಪಳಗಲಿಲ್ಲ. ಸುಮ್ಮನೆ ಬಿಟ್ಟರೆ ತಣ್ಣಗೆ ಇರುತ್ತಿತ್ತು. ಯುದ್ಧ ಕಾವೇರಿತೋ, ಟಪ್. ಯಜಮಾನರು ಚಿಕಿತ್ಸೆಗಿಳಿದರು. ಪ್ಲಗ್ಗನ್ನು ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ ಸಾಗಿಸಿದರು. ಬೂಟಿನ ಬ್ರಷ್ಷಿನಿಂದ ದೂಳು ಹೊಡೆದರು. ಪೆಟ್ಟಿಗೆಯ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ತಿರುಗಿಸಿದರು. ಕೊನೆಗೆ ‘ಮನೆಯ ಕರೆಂಟೆಲ್ಲ ಇದಕ್ಕೇ ಬರಲಿ’ ಎಂದು ಫ್ರಿಜ್ಜು, ಮಿಕ್ಸಿ, ದೀಪ ಎಲ್ಲವನ್ನೂ ಆರಿಸಿಬಿಟ್ಟರು. ಕತ್ತಲಾದ ಒಳಕೋಣೆಯಿಂದ ಅವರ ತಾಯಿ ಎದ್ದು ಬಂದರು.

“ಏನೋ ಇದು, ಫ್ರಿಜ್ಜಿಗೆ ಯಾಕೋ ಉಪವಾಸ?”

“ಕಂಪ್ಯೂಟರಿಗೆ ಶಕ್ತಿ ಸಾಲ್ತಿಲ್ಲಮ್ಮ.”

“ನಿನ್ನ ತಲೆಗೇ ಸಾಲ್ತಿಲ್ಲ. ಪಾಪ, ಆ ಹುಡುಗಿ ಮುಖ ನೋಡು!”

ಫೈನಲ್ಲಿನ ಹೊತ್ತು ಹತ್ತಿರವಾಗುತ್ತಿತ್ತು; ಹೆಂಡತಿ ಕೈಕಟ್ಟಿ ಕುಳಿತು ಯೋಚಿಸುತ್ತಿದ್ದಳು. ನೋವಿರುವ ಹಲ್ಲು ಯಾವುದೆಂದು ತಟ್ಟಿ ನೋಡಿ ಹುಡುಕುವ ಜಾಗದಲ್ಲಿ ಕೆಲಸ ಮಾಡುವವಳಲ್ಲವೇ?

“ರೀ, ಭಾರ ಬಿದ್ದಾಗ ಮಾತ್ರ ಹೋಗ್ತಿದೆ. ಪವರ್ ಸಪ್ಲೈ ತಡೀತಿಲ್ಲ ಅನ್ಸುತ್ತೆ. ಅಂಗಡಿಯವನು ಏನೂ ಹೇಳಲಿಲ್ವಾ?”

ಯಜಮಾನರ ಕಿವಿ ಬಿಸಿಯಾಯಿತು. ಮೊದಲ ಸಲ ಮನಸ್ಸಿಟ್ಟು ತಂದ ಉಡುಗೊರೆ. ಅದನ್ನು ತಮ್ಮ ಜಾಣತನವೇ ಕೆಡಿಸಿತು ಎಂದು ಹೇಗೆ ಹೇಳುವುದು?

“ಅವನಾ? ತುಟಿ ಬಿಚ್ಚಲಿಲ್ಲ!”

“ಹೌದಾ?” ಎಂದಳು ಆಕೆ. ಆಮೇಲೆ ಹೆಡ್‌ಫೋನನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. “ಅತ್ತೆ, ಬನ್ನಿ, ಸ್ವಲ್ಪ ಹೊರಗೆ ಹೋಗ್ಬರೋಣ.”

ಸೊಸೆ ಬೇಸರ ಕಳೆಯಲು ಹೊರಟಳು, ಅತ್ತೆ ಸಮಾಧಾನ ಹೇಳಲು ಹೊರಟರು ಎಂದೇ ಯಜಮಾನರು ತಿಳಿದರು. ಒಂದು ಗಂಟೆ ಶತಪಥ ತಿರುಗಿದ ಮೇಲೆ ಅವರಿಗೆ ಮಹೋಪಾಯ ಹೊಳೆಯಿತು: ಗುಟ್ಟಾಗಿ ಹೋಗಿ ಆ ಡಬ್ಬಿ ತರುವುದು, ಹಾಕುವುದು, ‘ದೂಳು ಹೊಡೆದೆ, ಸರಿಹೋಯ್ತು’ ಎನ್ನುವುದು. ಚಪ್ಪಲಿ ಅಂಗಡಿಯವರು ಬರಿಗಾಲಲ್ಲೇ ಬೀದಿಗೆ ಓಡಿದರು.

ಕಂಪ್ಯೂಟರ್ ಅಂಗಡಿ ಗಿಜಿಗುಟ್ಟುತ್ತಿತ್ತು. ಯಜಮಾನರು ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದರು: “ತಮ್ಮಾ, ಅವತ್ತು ಹೇಳಿದ್ಯಲ್ಲ, ಆ ಡಬ್ಬಿ ಕೊಡು. ಮನೇಲಿ ಗೊತ್ತಾಗೋದು ಬೇಡ.”

ಅಂಗಡಿಯವನು ಗಲ್ಲವೆತ್ತಿ ಮೂಲೆಯತ್ತ ತೋರಿಸಿದ. ಅಲ್ಲಿ ಪ್ರದರ್ಶನಕ್ಕಿಟ್ಟ ಕಂಪ್ಯೂಟರಿನ ಮುಂದೆ ಹದ್ದು! ಪಕ್ಕದಲ್ಲಿ ಗರಗರ ತಿರುಗುವ ಕುರ್ಚಿಯಲ್ಲಿ ತಾಯಿ. ಸುತ್ತ ಆಟ ನೋಡುವವರ ಗುಂಪು.

“ಬಂದ್ಯಾ?” ಎಂದರು ತಾಯಿ, ಕುರ್ಚಿ ತಿರುಗಿಸಿ. “ತುಟಿ ಬಿಚ್ಚದವನು ಎಲ್ಲಾ ಹೇಳಿದ ಕಣೋ.”

ಹೆಂಡತಿ ಒಂದು ಕಿವಿಯ ಹೆಡ್‌ಫೋನ್ ಸರಿಸಿದಳು. “ಈಗ ಮಾತಾಡಿಸ್ಬೇಡಿ, ಫೈನಲ್ ನಡೀತಿದೆ. ಕಾರ್ಡು ಮಾತ್ರ ಚೆನ್ನಾಗಿದೆ ರೀ. ಇದರಲ್ಲೂ ಅದೇ ಇರೋದು.” ಮತ್ತೆ ಕಿವಿ ಮುಚ್ಚಿತು.

ಆ ಒಂದು ಮಾತಿಗೆ ಯಜಮಾನರ ಮನಸ್ಸು ಬೆಣ್ಣೆಯಾಯಿತು. ತಮ್ಮ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆನಿಸಿತು. ಅದೇ ಹೊತ್ತಿಗೆ ಕನ್ನಡಕದ ಯುವಕನೊಬ್ಬ ಕೌಂಟರಿನಲ್ಲಿ ಗೊಣಗುತ್ತಿದ್ದ: “ಬರೀ ಕಾರ್ಡ್ ಸಾಕು ಸರ್, ದೊಡ್ಡ ಪವರ್ ಸಪ್ಲೈ ಯಾಕೆ ಸುಮ್ನೆ?”

ಯಜಮಾನರಿಗೆ ತಡೆಯಲಾಗಲಿಲ್ಲ. “ಯಾಕಾ? ನನ್ನ ನೋಡಪ್ಪಾ! ಹೀಗೇ ಅಂದು ಕೆಟ್ಟೆ. ಮನೆಯ ಫ್ರಿಜ್ಜು ಆರಿಸಿದೆ, ತಾಯಿ ಹತ್ರ ಬೈಸ್ಕೊಂಡೆ, ಹೆಂಡ್ತಿ ಅಂಗಡೀಲಿ ಕೂತು ಯುದ್ಧ ಮಾಡ್ತಿದ್ದಾಳೆ, ನಾನು ಬರಿಗಾಲಲ್ಲಿ ನಿಂತಿದ್ದೀನಿ! ಈ ಕಾರ್ಡಿಗೆ ಆ ಡಬ್ಬಿ ಇಲ್ದೆ ಬದುಕಿಲ್ಲ!”

ಇಷ್ಟು ವರ್ಷದ ವ್ಯಾಪಾರದಲ್ಲಿ ಅವರ ಬಾಯಿಂದ ಅಷ್ಟು ನಿಜವಾದ ಮಾತು ಎಂದೂ ಬಂದಿರಲಿಲ್ಲ. ಜನ ಸುತ್ತುವರಿದರು. ಒಬ್ಬರು ಕೊಂಡರು, ಇನ್ನೊಬ್ಬರು ಕೊಂಡರು, ಕನ್ನಡಕದ ಯುವಕ ಕಡೆಯಲ್ಲಿ ಕೈ ಮುಗಿದು ಕೊಂಡ. ಮೂಲೆಯಿಂದ ‘ಗೆದ್ದೆವು!’ ಎಂಬ ಕೂಗೆದ್ದಿತು. ಹದ್ದು ರೆಕ್ಕೆ ಚಾಚಿದಂತೆ ಕೈ ಎತ್ತಿತು; ತಾಯಿಯ ಕುರ್ಚಿ ಪೂರ್ತಿ ಒಂದು ಸುತ್ತು ತಿರುಗಿತು.

“ನಡೀರಿ ಇನ್ನು,” ಎಂದಳು ಹೆಂಡತಿ, ಮುಖವೆಲ್ಲ ನಗುವಾಗಿ. “ನಮ್ಮ ಡಬ್ಬಿ ತಗೊಂಡ್ರಾ?”

ಅಂಗಡಿಯವನು ಹಿಂದಿನ ಖಾಲಿ ಕಪಾಟು ತೋರಿಸಿದ. “ಆ ಅಳತೇದು ಮುಗೀತು ಮೇಡಂ. ಕೊನೇದನ್ನ ಸರ್ ಈಗ ತಾನೇ ಮಾರಿದ್ರು.”

ಯಜಮಾನರು ಬಾಗಿಲಿಗೆ ಹಾರಿದರು. ಕನ್ನಡಕದ ಯುವಕ ಬೀದಿಯ ತಿರುವಿನಲ್ಲಿ ಕಾಣಿಸಿದ.

“ತಮ್ಮಾ, ನಿಲ್ಲು! ಅದು ನಿನಗೆ ಬೇಡ ಕಣಪ್ಪಾ! ಅಂಗಡಿಯವರು ಹೇಳಿದ್ದನ್ನೆಲ್ಲ ನಂಬಬಾರದು!”

ಯುವಕ ಒಮ್ಮೆ ತಿರುಗಿ ನೋಡಿದ. ಡಬ್ಬಿಯನ್ನು ಎದೆಗೆ ಅವುಚಿಕೊಂಡು ಓಡತೊಡಗಿದ.