ಒಗ್ಗಟ್ಟಿಗೆ ಮೂರು ದಾರಿ

ಮೇಷ್ಟ್ರು ಎನಿಸಿಕೊಂಡವನಿಗೆ ಊರಿನ ಜಗಳಗಳು ತಾವಾಗಿಯೇ ಬಂದು ಅಂಟಿಕೊಳ್ಳುತ್ತಲೇ ಇರುತ್ತವೆ. ಬರದಿದ್ದರೆ ನಾನೇ ಹೋಗಿ ಅಂಟಿಸಿಕೊಳ್ಳುತ್ತಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಬರವಿತ್ತು, ಭಾಷಣಕ್ಕೆ ಇರಲಿಲ್ಲ. ನಾನಾಗ ಬೇರಿಕೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಅಣ್ಣ ತಮ್ಮ ಇಬ್ಬರ ಕೂಡುಮನೆಯಲ್ಲಿ ನನಗೊಂದು ಕೋಣೆ ಕೊಟ್ಟಿದ್ದರು. ಆ ವರ್ಷ ಅವರು ಭಾಗವಾಗುವ ಮಾತೆತ್ತಿದರು. ಮನೆಯ ನಡುವೆ ಗೋಡೆ ಎಬ್ಬಿಸುವುದು ಎಂದಾಯಿತು. ಮನೆಯ ನಡು ಎಂದರೆ ನನ್ನ ಕೋಣೆ! ಊರಿನಲ್ಲಿ ಬೇರೆ ಕೋಣೆ ಸಿಗುವ ಹಾಗಿರಲಿಲ್ಲ. ನಿದ್ದೆ ಹಾರಿಹೋಯಿತು.

ಒಗ್ಗಟ್ಟಿನ ಬಗ್ಗೆ ಎಲ್ಲರಿಗೂ ಬಾಯಿಪಾಠವಾಗಿರುವ ಹಳೆಯ ಮಾತೊಂದಿದೆಯಲ್ಲ, ಟ್ರೈನಿಂಗ್ ಶಾಲೆಯಲ್ಲಿ ನಮ್ಮ ಪಂಡಿತರು ಅದರ ಮೇಲೆಯೇ ಪ್ರಬಂಧ ಬರೆಸುತ್ತಿದ್ದರು. "ಬರೆಯುವವನಿಗೆ ಇರುವುದು ಮೂರೇ ದಾರಿ. ದೊಡ್ಡವರ ಬಾಯಿಂದ ಹೇಳಿಸು, ಇಲ್ಲ ಅಳಿಸು, ಇಲ್ಲ ಲೆಕ್ಕ ತೋರಿಸು. ಯಾವನಾದರೂ ಒಪ್ಪಲೇಬೇಕು" ಎನ್ನುತ್ತಿದ್ದರು. ಮೂರನ್ನೂ ಪ್ರಯೋಗಿಸಿಬಿಡೋಣ ಎಂದು ಎದ್ದೆ.

೧. ದೊಡ್ಡವರ ಬಾಯಿ

ಹೊಸೂರಿನ ಕಡೆ ಒಬ್ಬ ಹರಿಕಥೆ ದಾಸರಿದ್ದರು. ಅವರು ಕೆಮ್ಮಿದರೂ ಜನ ಕೈಮುಗಿಯುತ್ತಿದ್ದರು. ಗಾಡಿ ಕಟ್ಟಿಸಿ ಕರೆತಂದೆ. ಏನು ಕಂಠ, ಏನು ಗಾಂಭೀರ್ಯ! ಕೂಡಿ ಬಾಳುವುದರ ಮೇಲೆ ದಾಸರು ಹೇಳುತ್ತಾ ಹೋದ ಹಾಗೆ ಅಣ್ಣ ತಮ್ಮ ಇಬ್ಬರೂ ತಲೆ ತಗ್ಗಿಸಿ ಕೂತರು. ನನ್ನ ಕೋಣೆ ಉಳಿಯಿತು ಎಂದುಕೊಂಡೆ.

ಮಂಗಳಾರತಿ ಆದ ಮೇಲೆ ತಮ್ಮ ಕೇಳಿದ, "ಸ್ವಾಮಿ, ಹೋದ್ ಸಲ ನಿಮ್ ತಮ್ಮನೋರು ತಾಳ ಹಾಕ್ತಿದ್ರಲ್ಲ, ಅವರ್ಯಾಕೆ ಬರ್ಲಿಲ್ಲ?"

ದಾಸರ ಮುಖ ಕೆಂಪೇರಿತು. "ಅವನ ಹೆಸರು ಎತ್ತಬೇಡ! ಭಾಗವಾಗಿ ಎರಡು ವರ್ಷ ಆಯ್ತು. ಈಗ ನೆಮ್ಮದಿಯಾಗಿದ್ದೀನಿ."

ಇಬ್ಬರೂ ಹತ್ತಿರ ಸರಿದು ಕೂತರು. ಬಾವಿ ಹೇಗೆ ಹಂಚಿಕೊಂಡಿರಿ, ಹಿತ್ತಿಲು ಯಾರಿಗೆ ಹೋಯಿತು, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಹೊರಡುವ ಮುಂಚೆ ದಾಸರೇ ಪಂಚೆ ಎತ್ತಿಕಟ್ಟಿ, ಹಗ್ಗದ ಒಂದು ತುದಿ ತಾವೇ ಹಿಡಿದು, ಗೋಡೆ ಎಲ್ಲಿ ಬರಬೇಕೆಂದು ಗುರುತು ಹಾಕಿಕೊಟ್ಟರು. ಹಗ್ಗ ನನ್ನ ಹಾಸಿಗೆಯ ಮೇಲೆಯೇ ಹಾದುಹೋಯಿತು.

೨. ಕಣ್ಣೀರು

ಇನ್ನು ತಡಮಾಡುವ ಹಾಗಿರಲಿಲ್ಲ. ಎರಡು ದಿನ ಊಟದ ಮೇಲೆ ಗಮನವಿಲ್ಲದೆ ಒಂದು ಕಥೆ ಬರೆದೆ. ತೀರಿಹೋದ ತಾಯಿಯೊಬ್ಬಳು ಇಬ್ಬರು ಮಕ್ಕಳ ಕನಸಿನಲ್ಲಿ ಬಂದು, ಒಂದೇ ತಟ್ಟೆಯಲ್ಲಿ ಉಣ್ಣಿ ಎಂದು ಬೇಡುವ ಕಥೆ. ಸಂಜೆ ಜಗಲಿಯ ಮೇಲೆ ಕೂತು ಗದ್ಗದ ಧ್ವನಿಯಲ್ಲಿ ಓದಿದೆ. ಎದುರುಮನೆಯ ತೆಲುಗಿನ ಅಜ್ಜಿ, ಕನ್ನಡ ಅಷ್ಟಾಗಿ ತಿಳಿಯದವರು, ಎಲ್ಲರಿಗಿಂತ ಜೋರಾಗಿ ಅತ್ತರು. ಅಣ್ಣ ತಮ್ಮ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸತ್ಯವಾಗಿ ಹೇಳುತ್ತೇನೆ, ನನಗೂ ಅಳು ಬಂತು.

"ಲೇ, ಬಾವಿ ಕಡೇ ಹೊಲ ನೀನೇ ಮಡಿಕ್ಕಳ್ಲಾ" ಎಂದ ಅಣ್ಣ, ಮೂಗು ಒರೆಸಿಕೊಳ್ಳುತ್ತಾ.

"ಬ್ಯಾಡಣ್ಣ, ನೀನ್ ದೊಡ್ಡೋನು. ನಿಂಗೇ ಇರ್ಲಿ."

"ನಾನ್ ಕೊಡ್ತೀನಿ ಅಂತಿಲ್ವಾ? ತಕ್ಕೊ!"

"ನಂಗ್ ಬ್ಯಾಡ ಅಂದ್ನಲ್ಲ!"

"ನಾನ್ ಕೊಟ್ಟಿದ್ದು ಬ್ಯಾಡ ಅನ್ನೋಷ್ಟು ಸೊಕ್ಕೇನ್ಲಾ ನಿಂಗೆ?"

ಅಲ್ಲಿಯವರೆಗೆ ಭಾಗದ ಮಾತು ತಣ್ಣಗೆ ನಡೆದಿತ್ತು. ಅವತ್ತು ಇಬ್ಬರನ್ನೂ ಬಿಡಿಸಲು ಬೀದಿಯವರೆಲ್ಲ ಬರಬೇಕಾಯಿತು. ಅಣ್ಣನ ಹೆಂಡತಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಮೇಷ್ಟ್ರೇ, ಕತೆ ಬಲೇ ಚೆನ್ನಾಗೈತೆ. ಇನ್ನೊಂದ್ ಕಿತ ಓದ್ಬ್ಯಾಡಿ, ಕೊಲೆ ಆಗ್ಬುಡ್ತದೆ."

೩. ಲೆಕ್ಕ

ಉಳಿದದ್ದು ಲೆಕ್ಕ. ಅವರ ಬಾವಿಗೆ ಕಪಿಲೆ ಇತ್ತು. ಜೋಡಿ ಎತ್ತು ಇಳಿಜಾರಿನಲ್ಲಿ ಎಳೆದರೆ ನೀರು ತುಂಬಿದ ತೊಗಲಿನ ಬಾನಿ ಮೇಲೆ ಬರುತ್ತಿತ್ತು. ಇದ್ದದ್ದೇ ಒಂದು ಜೋಡಿ. ಭಾಗದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎತ್ತು ಎಂದು ತೀರ್ಮಾನವಾಗಿತ್ತು! ಇಂಥ ಅವಕಾಶ ಬಿಟ್ಟರೆ ನಾನೆಂಥ ಮೇಷ್ಟ್ರು?

"ಒಂದೇ ಎತ್ತು ಕಟ್ಟಿದರೆ ಬಾನಿ ಮೇಲೆ ಬರುತ್ತದೆಯೇ?" ಎಂದೆ.

"ಎಲ್ಲಿ ಬತ್ತದೆ?" ಎಂದ ಅಣ್ಣ.

"ನೀರಿಲ್ಲದೆ ಪೈರು?"

"ಒಣಗ್ತದೆ" ಎಂದ ತಮ್ಮ.

"ಹಾಗಾದರೆ ಏನು ಮಾಡಬೇಕು? ನೀವೇ ಹೇಳಿ."

ಇಬ್ಬರೂ ಬಹಳ ಹೊತ್ತು ಯೋಚಿಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ತಿಳೀತು ಮೇಷ್ಟ್ರೇ" ಎಂದು ಎದ್ದುಹೋದರು. ಅವತ್ತು ರಾತ್ರಿ ನಾನು ಗೊರಕೆ ಹೊಡೆದೆನಂತೆ.

ಮಾರನೆಯ ದಿನ ಇಬ್ಬರೂ ಒಂದೇ ಗಾಡಿಯಲ್ಲಿ ಬೇರಿಕೆ ಸಂತೆಗೆ ಹೋಗಿ, ಸಂಜೆಗೆ ಇನ್ನೂ ಎರಡು ಎತ್ತು ಹಿಡಿದುಕೊಂಡು ಬಂದರು. ಅಣ್ಣನಿಗೊಂದು, ತಮ್ಮನಿಗೊಂದು.

"ನೀವ್ ಹೇಳ್ದಿದ್ರೆ ಒಂದೊಂದೇ ಎತ್ತು ಇಟ್ಕೊಂಡು ಬೆಪ್ಪಾಗ್ತಿದ್ವಿ" ಎಂದು ತಮ್ಮ ನನಗೆ ಕೈಮುಗಿದ.

೪. ಗೋಡೆ

ಮುಂದಿನ ವಾರ ಶಾಲೆ ಮುಗಿಸಿ ಬಂದರೆ ನನ್ನ ಟ್ರಂಕು, ಹಾಸಿಗೆ, ಕೊಡೆ ಎಲ್ಲ ಜಗಲಿಯ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಒಳಗೆ ನಗು, ಗದ್ದಲ. ನೋಡಿದರೆ ಅಣ್ಣ ಕೆಸರು ತುಳಿಯುತ್ತಿದ್ದಾನೆ, ತಮ್ಮ ಅದನ್ನು ಉಂಡೆ ಮಾಡಿ ಗೋಡೆಗೆ ಬಡಿಯುತ್ತಿದ್ದಾನೆ. ವಾರಗಿತ್ತಿಯರಿಬ್ಬರೂ ನೀರು ಹೊರುತ್ತಿದ್ದಾರೆ. ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಹುರುಳಿ ಸಾರು ಕುದಿಯುತ್ತಿದೆ. ತಮ್ಮ ಒಂದು ತಮಾಷೆ ಮಾಡಿದ, ಅಣ್ಣ ಕೆಸರಿನಲ್ಲೇ ಬೀಳುವಷ್ಟು ನಕ್ಕ. ಆ ಮನೆಯಲ್ಲಿ ಅಷ್ಟು ಸಂತೋಷವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಗೋಡೆ ಆಗಲೇ ಸೊಂಟದ ಮಟ್ಟಕ್ಕೆ ಬಂದಿತ್ತು, ಸರಿಯಾಗಿ ನಾನು ತಲೆಯಿಡುತ್ತಿದ್ದ ಜಾಗದಲ್ಲಿ.

ನನಗೆ ತಡೆಯಲಾಗಲಿಲ್ಲ. ಹೊಟ್ಟೆ ಉರಿದುಹೋಯಿತು.

"ಅಲ್ಲಯ್ಯಾ, ಇಷ್ಟು ಚೆನ್ನಾಗಿ ಕೂಡಿ ಕೆಲಸ ಮಾಡುತ್ತೀರಿ, ನಗುತ್ತೀರಿ, ಒಟ್ಟಿಗೆ ಉಣ್ಣುತ್ತೀರಿ. ನಿಮ್ಮಿಬ್ಬರ ನಡುವೆ ಗೋಡೆ ಯಾತಕ್ಕೆ? ಬಡಕೊಂಡು ಬಡಕೊಂಡು ಹೇಳಿದೆನಲ್ಲ, ಅದೆಲ್ಲ ಎಲ್ಲಿ ಹೋಯಿತು?"

ಅಣ್ಣ ಕೆಸರಿನಿಂದ ಕಾಲು ಕಿತ್ತು, ನನ್ನ ಹತ್ತಿರ ಬಂದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಎಲ್ಲೂ ಹೋಗಿಲ್ಲ ಮೇಷ್ಟ್ರೇ. ನಿಮ್ ಮಾತು ಕೇಳೋಕ್ ಮುಂಚೆ, ಇಬ್ರೂ ಸೇರಿ ಒಂದ್ ಗೋಡೆ ಕಟ್ಟೋಷ್ಟು ಒಗ್ಗಟ್ಟೂ ನಮ್ಮಲ್ಲಿ ಇರ್ಲಿಲ್ಲ!"